ಹಿಂದಿನ ಒಲೆಯ ಊಟ

ನಮ್ಮ ಭಾವನಿಗೆ ಹುಬ್ಬಿಲ್ಲ. ಇದ್ದದ್ದು ಬಾಣಲೆಯ ಬೆಂಕಿಗೆ ಹೋಯಿತು, ಬೆಳೆಯಿತು, ಮತ್ತೆ ಹೋಯಿತು. ಕೊನೆಗೆ ಹುಬ್ಬಿಗೇ ಬೇಸರ ಬಂದು ಬರುವುದನ್ನು ಬಿಟ್ಟಿತು. ಮದುವೆಯ ಫೋಟೋದಲ್ಲಿ ಮಾತ್ರ ಎರಡೂ ದಟ್ಟವಾಗಿವೆ. ಅದನ್ನು ನೋಡಿದಾಗಲೆಲ್ಲ ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಅಂಗಡಿಯಲ್ಲಿ ತೋರಿಸಿದ ಮಾಲು ಒಂದು, ಕಟ್ಟಿಕೊಟ್ಟದ್ದು ಇನ್ನೊಂದು ಎನ್ನುತ್ತಾಳೆ. ಭಾವ ನಗುವುದಿಲ್ಲ. ನಕ್ಕರೂ ಹುಬ್ಬಿಲ್ಲದ ಮುಖದಲ್ಲಿ ಅದು ನಗುವೋ ಗಾಬರಿಯೋ ತಿಳಿಯುವುದಿಲ್ಲ.

ಭಾವ ಚೈನೀಸ್ ಹೋಟೆಲಿನ ಅಡುಗೆಯವರು. ನಾನು ಅದೇ ಹೋಟೆಲಿನ ಹಾಲಿನಲ್ಲಿ ಆರ್ಡರ್ ತೆಗೆದುಕೊಂಡು ಬಡಿಸುವವಳು. ಅಡುಗೆಮನೆಯಲ್ಲಿ ಅವರಿಗೆ ಇಟ್ಟ ಹೆಸರು ‘ಫುಲ್ ಫ್ಲೇಮ್’. ಒಲೆಯ ತಿರುಪು ಇನ್ನೊಂದು ಕಡೆಗೂ ತಿರುಗುತ್ತದೆ ಎಂಬುದು ಅವರ ಕೈಗೆ ಗೊತ್ತೇ ಇರಲಿಲ್ಲ. ದೊಡ್ಡ ಉರಿ, ಕೈ ಬಿಡದೆ ಕಲಕು, ನೂಡಲ್ಸಿಗೆ ಗಾಳಿಯಲ್ಲಿ ಒಂದು ಪಲ್ಟಿ, ತಟ್ಟೆಗೆ. ಯಾವ ಆರ್ಡರ್ ಹೇಳಿದರೂ ನಾನು ನೀರಿನ ಲೋಟ ಇಟ್ಟು ಬರುವಷ್ಟರಲ್ಲಿ ಸಿದ್ಧ. ಕೆಂಪು ಸಾಸು, ಸಕ್ಕರೆ, ಕಾರ್ನ್‌ಫ್ಲೋರು, ಇಷ್ಟನ್ನೇ ಹಿಡಿದುಕೊಂಡು ಅವರು ಸುತ್ತಲಿನ ಬೀದಿಗಳ ಜನರಿಗೆಲ್ಲ ಚೈನೀಸ್ ಅಂದರೆ ಇದು ಎಂದು ನಂಬಿಸಿದ್ದರು. ನಾನೂ ನಂಬಿದ್ದೆ. ಅವರೂ ನಂಬಿದ್ದರೋ ಏನೋ.

ಆ ಅಡುಗೆಮನೆಯಲ್ಲಿ ಇನ್ನೊಂದು ಒಲೆ ಇತ್ತು. ಹಿಂಬಾಗಿಲ ಪಕ್ಕ, ಗೋಡೆಗೆ ಮುಖ ಮಾಡಿಕೊಂಡ ಒಂದೇ ಬರ್ನರಿನ ಸಣ್ಣ ಒಲೆ. ಅದು ಹೋಟೆಲಿನ ಯಜಮಾನರದು. ಯಜಮಾನರೂ ಅವರ ಹೆಂಡತಿಯೂ ಹುಟ್ಟಿದ್ದು ಚೀನಾದಲ್ಲಿ. ಹರೆಯದಲ್ಲಿ ಇಲ್ಲಿಗೆ ಬಂದು, ಕೆಳಗೆ ಹೋಟೆಲು ಮೇಲೆ ಮನೆ ಮಾಡಿಕೊಂಡು, ಇಲ್ಲಿಯವರೇ ಆಗಿಹೋಗಿದ್ದರು. ಭಾವನಿಗೆ ಕೆಲಸ ಕಲಿಸಿದವರು ಯಜಮಾನರೇ. ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ಅವರು ನಮಗೆ ಬೆನ್ನು ಮಾಡಿ ನಿಂತು ಆ ಒಲೆಯಲ್ಲಿ ಇಬ್ಬರಿಗಾಗುವಷ್ಟು ಬೇಯಿಸುತ್ತಿದ್ದರು. ಬೂದುಗುಂಬಳದ ತಿಳಿಸಾರು, ಶುಂಠಿ ಹಾಸಿ ಹಬೆಯಲ್ಲಿ ಬೇಯಿಸಿದ ಮೀನು, ಹಾಗಲಕಾಯಿ, ಮೊಟ್ಟೆ. ಒಂದೂ ಕೆಂಪಗಿರುತ್ತಿರಲಿಲ್ಲ. ಮೆನುವಿನಲ್ಲಂತೂ ಒಂದೂ ಇರಲಿಲ್ಲ. “ಮುಂದಿನ ಒಲೆ ಗಿರಾಕಿಗೆ, ಹಿಂದಿನದು ಹೊಟ್ಟೆಗೆ” ಎನ್ನುತ್ತಿದ್ದರು. ಭಾವ ಹೊಸದಾಗಿ ಸೇರಿದ್ದಾಗ ಒಂದು ಚಮಚ ಮೊಟ್ಟೆ ಅವರ ಬಾಯಿಗೂ ಇಟ್ಟಿದ್ದರಂತೆ. ಇವರು ಮುಖ ಕಿವುಚಿ, “ಕಾಯಿಲೆಯೋರ ಊಟ ಇದ್ದಂಗಿದೆ” ಎಂದರಂತೆ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಎಂದೂ ಕೊಡಲಿಲ್ಲ.

ಯಜಮಾನರು ಹೋದದ್ದು ಆ ಒಲೆಯ ಮುಂದೆಯೇ. ಮಾರ್ಕೆಟ್ಟಿನಿಂದ ಚೀಲ ಹಿಡಿದು ಹಿಂಬಾಗಿಲಿಂದ ಒಳಗೆ ಬಂದವರು ಚೀಲವನ್ನು ಕೆಳಗಿಡುವ ಬದಲು ತಾವೇ ಕುಸಿದರು. ಚೀಲದಲ್ಲಿದ್ದ ಬೂದುಗುಂಬಳ ಉರುಳಿಕೊಂಡು ಬಂದು ಭಾವನ ಕಾಲಿಗೆ ತಾಗಿ ನಿಂತಿತು. ಭಾವ ಬಾಣಲೆ ಬಿಟ್ಟು ಓಡಿದರು. ಅಷ್ಟರಲ್ಲಿ ಮುಗಿದಿತ್ತು.

ಉಳಿದವರು ಅವರ ಹೆಂಡತಿ ಮತ್ತು ಒಬ್ಬಳೇ ಮಗಳು. ಹೆಂಡತಿಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಮಗಳು ಕೌಂಟರಿನಲ್ಲಿ ಕೂರುತ್ತಿದ್ದರು, ನಮಗೆ ಮೇಡಂ. ದೊಡ್ಡಮ್ಮನಿಗೆ ಅದಾಗಲೇ ಮರೆವು ಹಿಡಿದಿತ್ತು. ಮೊದಲು ಹೋದದ್ದು ನಮ್ಮ ಭಾಷೆ. ಇಷ್ಟು ವರ್ಷ ನಮ್ಮ ಜೊತೆ ಗಲಗಲ ಮಾತಾಡುತ್ತಿದ್ದವರು ಈಗ ತವರಿನ ಭಾಷೆಗೆ ಹೊರಟುಹೋಗಿದ್ದರು, ಯಾವಾಗಲೋ ಒಮ್ಮೆ ಒಂದೆರಡು ನಮ್ಮ ಮಾತು ಬಾಯಿಗೆ ಬರುತ್ತಿತ್ತು ಅಷ್ಟೆ. ಮೇಡಂಗೆ ಆ ಭಾಷೆ ಬಾರದು. ಶಾಲೆಯಲ್ಲಿ ಗೆಳತಿಯರು ಆಡಿಕೊಂಡರೆಂದು ಸಣ್ಣವಳಿದ್ದಾಗಲೇ ಬಿಟ್ಟಿದ್ದರಂತೆ. ಹಿಂದಿನ ಒಲೆಯ ಊಟವನ್ನೂ ಆಗಲೇ ಬಿಟ್ಟಿದ್ದರು. ಹೀಗೆ ತಾಯಿ ಮಗಳು ಒಂದೇ ಕೋಣೆಯಲ್ಲಿದ್ದರೂ ನಡುವೆ ಮಾತಿರಲಿಲ್ಲ. ಗಂಡ ಹೋದ ಮನೆಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಅಂತ್ಯಕ್ರಿಯೆಗೆ ದೊಡ್ಡಮ್ಮ ಬಂದಿದ್ದರು, ಅತ್ತಿದ್ದರು. ಮಾರನೆಯ ಮಧ್ಯಾಹ್ನ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟು ಮೆಟ್ಟಿಲ ತುದಿಗೆ ಬಂದು ನಿಂತರು. “ಎಲ್ಲಿ?” ಎಂದರು. ಆ ಒಂದು ಮಾತು ಮಾತ್ರ ಅವರಲ್ಲಿ ಗಟ್ಟಿಯಾಗಿ ಉಳಿದಿತ್ತು. ಮೇಡಂ ಮೇಲೆ ಹೋಗಿ ಕೈಸನ್ನೆ ಮಾಡಿ, ಫೋಟೋ ತೋರಿಸಿ ತಿಳಿಸಿದರು. ಮುದುಕಿ ಹೊಸದಾಗಿ ಕೇಳಿದವರಂತೆ ಎದೆ ಬಡಿದುಕೊಂಡು ಅತ್ತರು. ಅದರ ಮಾರನೆಯ ದಿನ ಮತ್ತೆ ಎರಡು ಬಟ್ಟಲು, ಮತ್ತೆ “ಎಲ್ಲಿ?” ಕೆಲವು ದಿನ ಹೀಗೆ ನಡೆದ ಮೇಲೆ ಮೇಡಂ ಕೌಂಟರಿನಲ್ಲಿ ತಲೆ ಹಿಡಿದು ಕೂತು, “ಇನ್ಮೇಲೆ ಅಪ್ಪ ಮಾರ್ಕೆಟ್‌ಗೆ ಹೋಗಿದಾರೆ. ಎಲ್ರೂ ಹಾಗೇ ಹೇಳಿ” ಎಂದರು. ಖಾಲಿ ತರಕಾರಿ ಚೀಲವನ್ನು ಮೆಟ್ಟಿಲ ಕೆಳಗಿನಿಂದ ಎತ್ತಿ ತೋರಿಸಿದರೆ ಸಾಕು, ದೊಡ್ಡಮ್ಮ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಚೀಲ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ಸಣ್ಣ ಸುಳ್ಳು, ಯಾರಿಗೇನು ನಷ್ಟ ಎಂದುಕೊಂಡೆವು. ಆದರೆ ಸತ್ತವರನ್ನು ಮಾರ್ಕೆಟ್ಟಿಗೆ ಕಳಿಸಿದರೆ ಅವರು ಯಾವಾಗಲಾದರೂ ಬಂದೇ ಬರಬೇಕಲ್ಲ. ಹಿಂಬಾಗಿಲು ಕಿರ್ ಎಂದರೆ ಅಡುಗೆಮನೆಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡತೊಡಗಿದರು. ಹಾಲಿನವನು ಬಂದರೂ ಅಷ್ಟೆ, ಗಾಳಿ ಬಂದರೂ ಅಷ್ಟೆ. ಮಧ್ಯಾಹ್ನ ಗಿರಾಕಿಗಳು ಖಾಲಿಯಾಗುವ ಹೊತ್ತಿಗೆ ಶುಂಠಿಯ ವಾಸನೆ ಬರುತ್ತದೆ ಎಂದು ಪಾತ್ರೆ ತೊಳೆಯುವವಳು ಹೇಳಿದಳು. ಹೋಟೆಲಿನಲ್ಲಿ ಶುಂಠಿಯ ವಾಸನೆ ಬರದೆ ಮಲ್ಲಿಗೆಯದು ಬರುತ್ತಾ ಎಂದು ನಾನು ಗದರಿದೆ. ಆದರೆ ಭಾವ ಮುಂದಿನ ಒಲೆಯ ಬಳಿ ನಿಂತಾಗ ಒಂದು ಹೆಜ್ಜೆ ಬಲಕ್ಕೆ ಸರಿದು ನಿಲ್ಲುವುದನ್ನು ನಾನು ಕಂಡಿದ್ದೆ. ಹಿಂದೆ ಯಾರೋ ಓಡಾಡಲು ಜಾಗ ಬೇಕು ಎನ್ನುವ ಹಾಗೆ.

ಆದರೆ ಕಷ್ಟ ಇದ್ದದ್ದು ದೆವ್ವದ್ದಲ್ಲ, ಹೊಟ್ಟೆಯದು. ಗಂಡ ಬಂದು ಕೂತು ಮೊದಲ ತುತ್ತು ತೆಗೆದುಕೊಳ್ಳದೆ ದೊಡ್ಡಮ್ಮ ತಾವು ಊಟದ ಕಡ್ಡಿಗಳನ್ನು ಮುಟ್ಟುತ್ತಿರಲಿಲ್ಲ. ಅದು ಅವರ ಇಡೀ ಬದುಕಿನ ಅಭ್ಯಾಸ, ಮರೆವಿಗೂ ಅದನ್ನು ಕೀಳಲು ಆಗಿರಲಿಲ್ಲ. ಬಟ್ಟಲಿನ ಮುಂದೆ ಕೈ ಕಟ್ಟಿ ಕೂರುವರು, ಸಂಜೆಯಾಗುವುದು, ಎದ್ದು ಮಲಗುವರು. ಬಲವಂತಕ್ಕೆ ಎರಡು ಗುಟುಕು ಗಂಜಿ ಇಳಿದರೆ ಅದೇ ಹೆಚ್ಚು. ಭಾವ ಹೋಟೆಲಿನ ಸೂಪು ಕಳಿಸಿದರು, ದೊಡ್ಡಮ್ಮ ಉಗಿದರು. ನೂಡಲ್ಸು ಕಳಿಸಿದರು, ಮೂಸಿಯೂ ನೋಡಲಿಲ್ಲ. ಕೈ ಬಳೆ ಮೊಣಕೈವರೆಗೆ ಜಾರಲು ಶುರುವಾಯಿತು. ಡಾಕ್ಟರು ಬಂದವರು, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕು, ಈ ವಯಸ್ಸಿನಲ್ಲಿ ಹಾಗೆ ಹೋದವರು ವಾಪಸ್ಸು ಬರುವುದು ಕಷ್ಟ ಎಂದರು.

ಅವತ್ತು ಮೇಡಂ ಅಡುಗೆಮನೆಗೆ ಬಂದರು. ಬರುವವರೇ ಅಲ್ಲ. “ಮಾಸ್ಟರ್, ಅಪ್ಪ ಮಾಡ್ತಿದ್ದದ್ದು ನಿಮಗೆ ಬರುತ್ತಾ?”

“ಬರಲ್ಲ ಮೇಡಂ.”

“ಅಷ್ಟು ವರ್ಷ ಪಕ್ಕದಲ್ಲೇ ಇದ್ರಲ್ಲ.”

“ಪಕ್ಕದಲ್ಲಿದ್ದೆ. ನೋಡ್ಲಿಲ್ಲ” ಎಂದರು ಭಾವ. ಬಾಣಲೆ ಇಳಿಸಿಟ್ಟು, “ಕೇಳಿಸ್ಕೊಂಡಿದೀನಿ” ಎಂದರು.

ಇದು ನನಗೆ ಆಗ ಅರ್ಥವಾಗಲಿಲ್ಲ. ಯಜಮಾನರು ಬೆನ್ನು ಮಾಡಿ ಅಡುಗೆ ಮಾಡುತ್ತಿದ್ದರು, ಕಾಣುತ್ತಿದ್ದದ್ದು ಬೆನ್ನು ಮಾತ್ರ. ಆದರೆ ಆ ಹೊತ್ತಿಗೆ ಮುಂದಿನ ಒಲೆ ಆರಿರುತ್ತಿತ್ತು, ಅಡುಗೆಮನೆ ತಣ್ಣಗಾಗಿರುತ್ತಿತ್ತು, ಭಾವ ಬಾಣಲೆ ಉಜ್ಜುತ್ತಾ ನಿಂತಿರುತ್ತಿದ್ದರು. ಸದ್ದೆಲ್ಲ ಕಿವಿಗೆ ಬಿದ್ದಿತ್ತು. ಈಗ ಅವರು ಮಧ್ಯಾಹ್ನವಾದರೆ ಹಿಂದಿನ ಒಲೆಯ ಮುಂದೆ ಸ್ಟೂಲು ಹಾಕಿ ಕೂತು ಕಣ್ಣು ಮುಚ್ಚಿಕೊಳ್ಳತೊಡಗಿದರು. ಹುಬ್ಬಿಲ್ಲದ ಮನುಷ್ಯ ಕಣ್ಣು ಮುಚ್ಚಿ ಕೂತರೆ ನೋಡಲು ಧೈರ್ಯ ಬೇಕು.

“ಏನು ಭಾವ, ತಪಸ್ಸಾ?” ಎಂದೆ.

“ಸುಮ್ನಿರು. ಮೊಟ್ಟೆ ಒಡೆದ್ರು. ಕಡ್ಡೀಲಿ ಕಲಕಿದ್ರು, ಜೋರಾಗಿ ಅಲ್ಲ, ನೊರೆ ಸದ್ದಿಲ್ಲ. ಆಮೇಲೆ ಏನೋ ಸುರೀತಾರೆ. ಸ್ವಲ್ಪ, ಮತ್ತೆ ಸ್ವಲ್ಪ, ಮತ್ತೆ ಸ್ವಲ್ಪ.”

ಅವರು ಹೇಳುತ್ತಿದ್ದದ್ದು ನೆನಪಿನಿಂದಲೋ, ಅಲ್ಲಿ ಆಗ ಕೇಳುತ್ತಿದ್ದದ್ದನ್ನೋ, ನನಗೆ ತಿಳಿಯಲಿಲ್ಲ. ಮಾರನೆಯ ದಿನ ಅವರಿಗೇ ಹೊಳೆಯಿತು. ಸ್ವಲ್ಪ ಸ್ವಲ್ಪ ಸುರಿದದ್ದು ನೀರು, ಅಳೆದದ್ದು ಒಡೆದ ಮೊಟ್ಟೆಯ ಚಿಪ್ಪಿನಲ್ಲಿ. ಕುದಿಸಿ ಆರಿಸಿದ ನೀರು. ಇಷ್ಟು ನೀರು ಹಾಕಿದರೆ ಮೊಟ್ಟೆ ಹಬೆಯಲ್ಲಿ ಗಟ್ಟಿಯಾಗುತ್ತದೆಯೇ ಎಂದು ನಾನು ನಕ್ಕೆ. ಗಟ್ಟಿಯಾಯಿತು, ಆದರೆ ಒಳಗೆಲ್ಲ ತೂತು, ಸ್ಪಂಜಿನ ಹಾಗೆ. ಮತ್ತೊಂದು ಮಾಡಿದರು, ಅದೂ ತೂತು. ಫುಲ್ ಫ್ಲೇಮಿನ ಕೈ ತಿರುಪನ್ನು ಎಷ್ಟು ಸಣ್ಣ ಮಾಡಿದರೂ, ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ತಾನೇ ಹೋಗಿ ದೊಡ್ಡದು ಮಾಡಿರುತ್ತಿತ್ತು. ಅವರಿಗೆ ಕಾಯಲು ಬರುತ್ತಿರಲಿಲ್ಲ. ಜೀವನವಿಡೀ ಕಾಯದೆ ಅಡುಗೆ ಮಾಡಿದವರು. ತೂತಿನ ಮೊಟ್ಟೆಗಳನ್ನು ನಾವು ತಿಂದೂ ತಿಂದೂ ಸಾಕಾಯಿತು, ಅಕ್ಕನಿಗೂ ಡಬ್ಬಿಯಲ್ಲಿ ಕಳಿಸಿದೆವು, ಅವಳು ಪಕ್ಕದ ಮನೆಯ ಬೆಕ್ಕಿಗೆ ಹಾಕಿದಳು.

ಕೊನೆಗೊಂದು ದಿನ ಬಟ್ಟಲನ್ನು ಹಬೆಗೆ ಇಟ್ಟು ಭಾವ ಕೈ ತೊಳೆಯಲು ಹೋದರು. ನಾನು ಬಾಗಿಲಲ್ಲಿದ್ದೆ. ಅವರು ತಿರುಗಿ ಬಂದಾಗ ಉರಿ ಸಣ್ಣಗಾಗಿತ್ತು, ನೀಲಿಯ ಒಂದು ಎಳೆಯಷ್ಟು. ಮುಚ್ಚಳ ಒಂದು ಕಡೆ ತುಸು ಸರಿದಿತ್ತು.

“ನೀನು ಮುಟ್ಟಿದೆಯಾ?”

“ಇಲ್ಲ.”

“ನಾನೂ ಮುಟ್ಟಿಲ್ಲ.”

“ಸಿಲಿಂಡರ್ ಮುಗೀತಾ ಬಂದಿರುತ್ತೆ. ಹಬೆಗೆ ಮುಚ್ಚಳ ಸರಿದಿರುತ್ತೆ” ಎಂದೆ. ನಾನು ಹೀಗೆ ಹೇಳುವವಳೇ. ಭಾವ ಉರಿಯನ್ನು ಮುಟ್ಟದೆ ಸ್ಟೂಲಿನ ಮೇಲೆ ಕೂತರು, ಮೊದಲ ಸಲ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು. ಮುಚ್ಚಳ ತೆಗೆದಾಗ ಮೊಟ್ಟೆ ಕೆನೆ ಕಟ್ಟಿದ ಹಾಲಿನ ಹಾಗೆ ನುಣ್ಣಗಿತ್ತು, ಬಟ್ಟಲನ್ನು ಅಲುಗಿಸಿದರೆ ಮೆಲ್ಲಗೆ ನಡುಗುತ್ತಿತ್ತು. ಮೇಲೆ ನಾಲ್ಕು ತೊಟ್ಟು ಸೋಯಾ ಸಾಸು, ಎಳೆ ಈರುಳ್ಳಿ ಸೊಪ್ಪು. ಅದೇ ಹೊತ್ತಿಗೆ ಮಹಡಿಯಲ್ಲಿ ಕುರ್ಚಿ ಎಳೆದ ಸದ್ದಾಯಿತು, ಪಿಂಗಾಣಿ ಬಟ್ಟಲುಗಳು ಮೇಜಿಗೆ ತಾಗಿದ ಸದ್ದಾಯಿತು. ವಾಸನೆ ಮೆಟ್ಟಿಲು ಹತ್ತಿತ್ತು. ಆಮೇಲೆ ಯಾರೂ ನೋಡದಿದ್ದಾಗ ನಾನು ಸಿಲಿಂಡರನ್ನು ಎತ್ತಿ ನೋಡಿದೆ. ಭಾರವಾಗಿತ್ತು.

ಮೇಡಂಗೆ ಹೇಳಿ ಕಳಿಸಿದೆವು. ಅವರು ಓಡಿ ಬಂದರು, ನಾನೇ ಒಯ್ಯುತ್ತೇನೆ ಎಂದರು. ಕಣ್ಣಲ್ಲಿ ನೀರಾಡುತ್ತಿತ್ತು. ಚೆಂದದ ಟ್ರೇ ತೆಗೆದರು, ಮೊಟ್ಟೆ ಇಟ್ಟರು, ಭಾವ ಜೊತೆಗೆ ಕಾಯಿಸಿದ್ದ ಬೂದುಗುಂಬಳದ ಸಾರು ಇಟ್ಟರು, ಬಟ್ಟಲಿಗೆ ಅನ್ನ ತುಂಬಿ ಗುಂಡಗೆ ಮಾಡಿ, ಅದರ ನಡುವೆ ಎರಡು ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದರು. ನಮ್ಮ ಹಾಲಿನಲ್ಲಿ ಅನ್ನ ಬಡಿಸುವುದೇ ಹಾಗೆ. ಅದು ಮೇಡಂ ಕಂಡುಕೊಂಡ ಅಲಂಕಾರ, ಗಿರಾಕಿಗಳು ಫೋಟೋ ತೆಗೆದುಕೊಳ್ಳುತ್ತಿದ್ದರು. ಯಜಮಾನರು ಅದನ್ನು ನೋಡಿದ್ದು ಒಂದೇ ಸಲ. ಒಂದು ಮೇಜಿನ ಮುಂದೆ ನಿಂತು, ಏನೂ ಅನ್ನದೆ ಅಡುಗೆಮನೆಗೆ ಹೋದವರು ಮತ್ತೆ ಹಾಲಿಗೆ ಕಾಲಿಟ್ಟಿರಲಿಲ್ಲ. ಮಗಳಿಗೆ ಇಷ್ಟವಾದದ್ದನ್ನು ಬೇಡ ಎನ್ನಲು ಅವರಿಗೆ ಬಾಯಿ ಬಂದಿರಲಿಕ್ಕಿಲ್ಲ.

ಮೇಡಂ ಮುಂದೆ, ಭಾವ ಮತ್ತು ನಾನು ಹಿಂದೆ ಮಹಡಿ ಹತ್ತಿದೆವು. ದೊಡ್ಡಮ್ಮ ಮೇಜಿನ ಮುಂದೆ ಕೂತಿದ್ದರು. ಮೊಟ್ಟೆಯನ್ನು ನೋಡಿ ಮುಖ ಅರಳಿತು. ಆಮೇಲೆ ಕಣ್ಣು ಅನ್ನದ ಮೇಲೆ ಹೋಯಿತು. ನೆಟ್ಟಗೆ ನಿಂತ ಆ ಎರಡು ಕಡ್ಡಿಗಳನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿದ್ದದ್ದೆಲ್ಲ ಒಂದೊಂದಾಗಿ ಇಳಿದುಹೋಯಿತು. ಎರಡೂ ಕೈಯಿಂದ ಬಟ್ಟಲನ್ನು ಎತ್ತಿ, ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟರು. ಎದ್ದು ನಿಂತು ತಲೆ ಬಾಗಿಸಿದರು. ಮೇಡಂ ಗಾಬರಿಯಾಗಿ ಕೈ ಹಿಡಿಯಲು ಹೋದರು.

ದೊಡ್ಡಮ್ಮ ನಮ್ಮ ಭಾಷೆಯಲ್ಲಿ, ತಡೆತಡೆದು, “ಸತ್ತೋರಿಗೆ ಹೀಗೆ ಇಡೋದು” ಎಂದರು. “ಅವರು ಸತ್ತಿದ್ದಾರೆ. ನಂಗೆ ಯಾರೂ ಹೇಳಲೇ ಇಲ್ಲ.”

ಮೇಡಂ ಕಲ್ಲಾಗಿ ನಿಂತರು. ಹಾಲಿನ ಅಷ್ಟೂ ಮೇಜುಗಳ ಮೇಲೆ, ಅಷ್ಟು ವರ್ಷ, ನಗುನಗುತ್ತಾ ಊಟಕ್ಕೆ ಕೂತವರ ಮುಂದೆ ನಾವು ಇಟ್ಟದ್ದು ಏನು ಎಂದು ನನಗೂ ಆಗಲೇ ತಿಳಿದದ್ದು. ದೊಡ್ಡಮ್ಮ ಅತ್ತರು, ಸದ್ದಿಲ್ಲದೆ. ಅನ್ನದಿಂದ ಹಬೆ ಏಳುವುದನ್ನೇ ನೋಡುತ್ತಾ ಕಾದರು. ಹಬೆ ನಿಂತ ಮೇಲೆ, “ಅವರ ಊಟ ಆಯ್ತು” ಎಂದು ಕಡ್ಡಿಗಳನ್ನು ಕಿತ್ತು ಮಲಗಿಸಿ, ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು ಉಣ್ಣತೊಡಗಿದರು. ಮೊಟ್ಟೆ ಪೂರ್ತಿ, ಅನ್ನ ಅರ್ಧ, ಸಾರು ಎರಡು ಸಲ. ಭಾವ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಅವರ ಅಡುಗೆಯನ್ನು ಯಾರೂ ಹಾಗೆ ಉಂಡದ್ದನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಗೆದ್ದೆವು ಎಂದುಕೊಂಡೆವು. ಮಾರನೆಯ ಮಧ್ಯಾಹ್ನ ದೊಡ್ಡಮ್ಮ ಎರಡು ಬಟ್ಟಲು ಇಟ್ಟು, ಮೆಟ್ಟಿಲ ತುದಿಗೆ ಬಂದು, “ಎಲ್ಲಿ?” ಎಂದರು.

ಎಲ್ಲ ಮರೆತಿತ್ತು. ಊಟ ಮಾತ್ರ ಬೇಕಿತ್ತು, ಆದರೆ ಅವರು ಉಣ್ಣಬೇಕಾದರೆ ಮೊದಲು ಗಂಡ ಉಣ್ಣಬೇಕು, ಗಂಡ ಉಣ್ಣಬೇಕಾದರೆ ಸತ್ತಿರಬೇಕು. ಮೇಡಂ ಮತ್ತೆ ಕಡ್ಡಿ ನೆಟ್ಟರು. ದೊಡ್ಡಮ್ಮ ಮತ್ತೆ ಹೊಸದಾಗಿ ವಿಧವೆಯಾದರು, ಅತ್ತರು, ಕಾದರು, ಉಂಡರು. ಹೀಗೆ ದಿನಾ. ಬಳೆ ಮತ್ತೆ ಮಣಿಕಟ್ಟಿಗೆ ಬಂತು, ಕೆನ್ನೆ ತುಂಬಿತು. ಮೇಡಂ ಕರಗತೊಡಗಿದರು. ಹಾಲಿನಲ್ಲಿ ಕಡ್ಡಿ ನೆಡುವುದನ್ನು ನಿಲ್ಲಿಸಿದೆವು. ಗಿರಾಕಿಗಳು ಯಾಕೆಂದು ಕೇಳಿದರು, ನಾನು ಕಡ್ಡಿ ತೊಳೆಯಲು ಜನ ಇಲ್ಲ ಎಂದೆ. ಭಾವ ಒಂದು ದಿನ ಬಾಣಲೆ ಉಜ್ಜುತ್ತಾ, “ಅವರನ್ನ ದಿನಾ ಸಾಯಿಸಿ ಇವರನ್ನ ಬದುಕಿಸ್ತಿದೀವಿ” ಎಂದರು.

ಕೊನೆಗೊಂದು ಮಧ್ಯಾಹ್ನ ಮೇಡಂ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. “ಇವತ್ತು ನನ್ನ ಕೈಲಾಗಲ್ಲ ಮಾಸ್ಟರ್.” ಭಾವ ಟ್ರೇ ತೆಗೆದುಕೊಂಡರು. ಕಡ್ಡಿಗಳನ್ನು ನೆಡಲು ಅವರಿಗೂ ಕೈ ಬರಲಿಲ್ಲ, ಪಕ್ಕದಲ್ಲಿ ಮಲಗಿಸಿ ಇಟ್ಟುಕೊಂಡೇ ಹತ್ತಿದರು. ನಾನು ಹಿಂದೆ ಹೋದೆ. ಮೈಯೆಲ್ಲ ಶುಂಠಿ ಮತ್ತು ಹಬೆಯ ವಾಸನೆ ಹೊತ್ತು ಭಾವ ಬಾಗಿಲಲ್ಲಿ ನಿಂತರು, ಬೆಳಕು ಬೆನ್ನ ಹಿಂದೆ ಇತ್ತು.

ದೊಡ್ಡಮ್ಮ ತಲೆ ಎತ್ತಿ ನೋಡಿದರು. ಗಂಡನನ್ನು ಅವರು ಕರೆಯುತ್ತಿದ್ದ ಒಂದು ಸಣ್ಣ ಪದವಿತ್ತು, ನಮಗೆಲ್ಲ ಅದರ ಅರ್ಥ ಗೊತ್ತಿಲ್ಲದಿದ್ದರೂ ದನಿ ಗೊತ್ತಿತ್ತು. ಆ ಪದದಿಂದ ಕರೆದರು. ಆಮೇಲೆ ಒಂದೇ ಸಮನೆ ಬೈದರು. ಯಾವ ಭಾಷೆಯಲ್ಲಾದರೂ ತಡವಾಗಿ ಬಂದ ಗಂಡನಿಗೆ ಬೈಯುವುದು ಹಾಗೇ ಇರುತ್ತದೆ. ಎದ್ದು ಎದುರಿನ ಕುರ್ಚಿ ಎಳೆದರು, ಅವರ ಕೈಯಿಂದ ಟ್ರೇ ತೆಗೆದುಕೊಂಡು, ಬಟ್ಟಲನ್ನು ಆ ಕುರ್ಚಿಯ ಮುಂದಿಟ್ಟು, ತಮ್ಮ ಜಾಗದಲ್ಲಿ ಕೈ ಕಟ್ಟಿ ಕೂತರು.

ಭಾವ ನನ್ನನ್ನು ನೋಡಿದರು. ಮೆಟ್ಟಿಲ ಮೇಲಿಂದ ಎದ್ದು ಬಂದಿದ್ದ ಮೇಡಂ ಅವರನ್ನು ನೋಡಿದರು. ಮೇಡಂ ಮುಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು, ಹೂಂ ಎಂದೋ ಬೇಡ ಎಂದೋ ತಿಳಿಯಲಿಲ್ಲ. ಭಾವ ಹೋಗಿ ಆ ಕುರ್ಚಿಯಲ್ಲಿ ಕೂತರು. ಮೊದಲ ತುತ್ತು ತೆಗೆದುಕೊಂಡರು. ದೊಡ್ಡಮ್ಮ ತುತ್ತು ಅವರ ಗಂಟಲಿಗೆ ಇಳಿಯುವುದನ್ನು ನೋಡಿ ತಮ್ಮ ಕಡ್ಡಿ ಎತ್ತಿಕೊಂಡರು. ಅವತ್ತು ಅಳಲಿಲ್ಲ. ತಾವೂ ಉಂಡು, ಒಳ್ಳೆಯ ತುಂಡುಗಳನ್ನು ಹೆಕ್ಕಿ ಹೆಕ್ಕಿ ಅವರ ಬಟ್ಟಲಿಗೂ ಹಾಕಿ, ತಳ ಕಾಣುವವರೆಗೆ ಬಿಡಲಿಲ್ಲ. ನಡುವೆ ಏನೋ ಕೇಳಿದರು. ಭಾವ ಉತ್ತರವಾಗಿ ಒಂದು ಮಾತು ಹೇಳಿದರು, ದೊಡ್ಡಮ್ಮನ ಭಾಷೆಯಲ್ಲಿ. ಇಷ್ಟು ವರ್ಷದಲ್ಲಿ ಭಾವನ ಬಾಯಲ್ಲಿ ಆ ಭಾಷೆಯ ಒಂದು ಪದ ನಾನು ಕೇಳಿರಲಿಲ್ಲ. ದೊಡ್ಡಮ್ಮ ತೃಪ್ತಿಯಿಂದ ತಲೆಯಾಡಿಸಿದರು.

ಇಬ್ಬರೂ ಅಕ್ಕನ ಮನೆಗೆ ನಡೆದು ಬರುವಾಗ ಆ ಮಾತು ಎಲ್ಲಿಂದ ಬಂತೆಂದು ದಾರಿಯುದ್ದಕ್ಕೂ ನಾನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವರ ನಡಿಗೆ ನಿಧಾನವಾಗಿತ್ತು, ವಯಸ್ಸಾದವರದು. ಅಕ್ಕ ಬಾಗಿಲು ತೆಗೆದಳು. ಅವಳು ಗಂಡನಿಗಾಗಿ ಕಾಯುವ ಜಾತಿಯವಳಲ್ಲ. ಹಸಿವಾದರೆ ಉಂಡು, ಅವರ ಪಾಲನ್ನು ಮುಚ್ಚಿಟ್ಟು ತನ್ನ ತಟ್ಟೆ ತೊಳೆದಿಡುತ್ತಾಳೆ. ಮುಚ್ಚಿಟ್ಟದ್ದನ್ನು ತೆಗೆದು ಬಡಿಸಲು ಹೊರಟಾಗ ಭಾವ, “ಬೇಡ, ಅಲ್ಲೇ ಆಯ್ತು” ಎಂದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ದೆವ್ವ, ಸಿಲಿಂಡರು, ಕುರ್ಚಿ, ಆ ಮಾತು, ಎಲ್ಲ. ಅಕ್ಕ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದಳು. ಗಂಡನ ಮುಖವನ್ನು, ಹುಬ್ಬಿದ್ದ ಜಾಗವನ್ನು, ಹತ್ತಿರದಿಂದ ನೋಡಿದಳು. ನನಗೆ ಆ ಹೊತ್ತಿನಲ್ಲಿ ಅವಳ ಬಗ್ಗೆ ಭಯವಾಯಿತು, ಅವರ ಬಗ್ಗೆಯೂ.

ಅಕ್ಕ ತಟ್ಟೆಯನ್ನು ಅವರ ಮುಂದೆ ಇಟ್ಟಳು. “ಅಲ್ಲಿ ಉಂಡಿದ್ದು ನಿಮ್ಮ ಯಜಮಾನ್ರು” ಎಂದಳು. “ನೀವಿನ್ನೂ ಉಂಡಿಲ್ಲ. ಕೂತ್ಕೊಳ್ಳಿ.”

ಭಾವ ಕೂತರು. ಬೆಳಗಿನಿಂದ ಏನೂ ತಿನ್ನದವರ ಹಾಗೆ, ತಲೆ ಎತ್ತದೆ ಉಂಡರು. ಮತ್ತೆ ಹಾಕು ಎಂದರು.